ನಾಟಕ ಸ್ಟುಡಿಯೋದಲ್ಲಿ ಒಂದೂವರೆ ಗಂಟೆ

"ಬಾಗಿಲು ಎಳೀಬೇಡಿ!"

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಕಾವ್ಯಶ್ರೀ ಬಾಗಿಲು ಎಳೆದಾಗಿತ್ತು. ಸ್ಟುಡಿಯೋ ಬಾಗಿಲುಗಳು ದಡಾರೆಂದು ಬಡಿದುಕೊಳ್ಳುವುದಿಲ್ಲ. ಆ ದಪ್ಪ ಬಾಗಿಲು ಧಪ್ ಎಂದು ಮೆತ್ತಗೆ ಕೂತುಕೊಂಡಿತು. ಅದರ ಜೊತೆಗೇ ಹೊರಗಿನ ಸದ್ದೆಲ್ಲ ನಿಂತುಹೋಯಿತು.

ಅವಳು ಬೆಚ್ಚಿ ತಿರುಗಿದಳು. ಖಾಲಿ ಇದೆ ಎಂದುಕೊಂಡಿದ್ದ ಕೋಣೆಯ ಮೂಲೆಯಲ್ಲಿ, ಪರದೆಯ ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದ. ಕೈಯಲ್ಲಿ ಸಾಮಾನಿನ ಪಟ್ಟಿ, ಕಿವಿಯ ಮೇಲೆ ಪೆನ್ನು.

ಶಶಿಧರ!

'ಅಯ್ಯೋ ದೇವರೇ... ಇಡೀ ರೇಡಿಯೋ ಸ್ಟೇಷನ್ನಿನಲ್ಲಿ ಇವನೇ ಸಿಗಬೇಕಿತ್ತಾ?'

ಅವನು ಅವಳ ಮುಖವನ್ನೂ ನೋಡದೆ ನೇರ ಬಾಗಿಲಿಗೆ ಹೋಗಿ ಹಿಡಿ ಜಗ್ಗಿದ. ಹಿತ್ತಾಳೆಯ ಹಿಡಿ ಸಲೀಸಾಗಿ ಕೈಗೇ ಬಂತು.

"ಹೊರಗೆ ಬಾಗಿಲಿಗೆ ಮರದ ತುಂಡು ಕೊಟ್ಟಿತ್ತಲ್ಲ, ಯಾಕೆ ತೆಗೆದ್ರಿ?"

"ನನಗೆ ರೆಕಾರ್ಡಿಂಗ್ ಇದೆ. ಬಾಗಿಲು ತೆರೆದಿಟ್ಕೊಂಡು ಮಾಡ್ಲಾ?"

"ಒಳಗಿನ ಹಿಡಿ ಮುರಿದು ತಿಂಗಳಾಯ್ತು. ಅದಕ್ಕೇ ತುಂಡು ಕೊಡೋದು. ಇಲ್ಲಿ ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿರಬಹುದು. ಎರಡು ತಿಂಗಳಿಂದ ನನಗೆ ಡ್ಯೂಟಿನೇ ಇಲ್ವಲ್ಲ, ನನಗೆ ಯಾರು ಹೇಳ್ಬೇಕಿತ್ತು?"

ಚುಚ್ಚಲೆಂದೇ ಆಡಿದ ಮಾತು. ಚುಚ್ಚಿತು ಕೂಡ. ಶಶಿಧರ ಮೆಲ್ಲಗೆ ಕೇಳಿದ.

"ಹೊರಗಿನ ಕೆಂಪು ದೀಪ... ಹಾಕಿ ಬಂದ್ರಾ?"

"ಮತ್ತೆ? ಹಾಕದೇ ಯಾರಾದ್ರೂ ಒಳಗೆ ಬರ್ತಾರಾ?"

ಅವನು ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡು ನೆಲದ ಮೇಲೆ ಕುಸಿದು ಕೂತ.

"ಹಾಗಿದ್ರೆ ಮುಗೀತು. ಈಗ ಯಾರೂ ಬರಲ್ಲ."

ರೇಡಿಯೋದಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಸ್ಟುಡಿಯೋ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಒಳಗೆ ಮೈಕ್ ಜೀವಂತ ಇದೆ ಎಂದರ್ಥ. ಆಗ ಬಾಗಿಲು ತಳ್ಳುವುದಿರಲಿ, ಅದರ ಮುಂದೆ ಜೋರಾಗಿ ಕೆಮ್ಮುವುದೂ ಅಪರಾಧ. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ತಲೆಗೆ ತುಂಬುತ್ತಾರೆ. ದೀಪದ ಸ್ವಿಚ್ ಇರುವುದು ಹೊರಗೆ, ಬಾಗಿಲ ಪಕ್ಕದಲ್ಲಿ.

ಫೋನ್? ಬೂತಿನೊಳಗೆ ಅದು ಮೊದಲಿನಿಂದಲೂ ನಿಷಿದ್ಧ. ಎರಡು ತಿಂಗಳಿಂದ ಇನ್ನೊಂದು ನಿಯಮವೂ ಸೇರಿತ್ತು. ಸ್ಟುಡಿಯೋ ಕಡೆಗೆ ಹೋಗುವವರು ಫೋನನ್ನು ಡ್ಯೂಟಿ ರೂಮಿನಲ್ಲಿ ಇಟ್ಟೇ ಹೋಗಬೇಕು. ಇಬ್ಬರ ಫೋನುಗಳೂ ಅಲ್ಲಿ ಅಕ್ಕಪಕ್ಕದ ಗೂಡಿನಲ್ಲಿ ತಣ್ಣಗೆ ಮಲಗಿದ್ದವು.

ಕಾವ್ಯಶ್ರೀ ವಾಚ್ ನೋಡಿಕೊಂಡಳು. ಮೂರು ಇಪ್ಪತ್ತು.

ನಾಲ್ಕು ಗಂಟೆಗೆ ಅವಳು ಮೀಟಿಂಗ್ ಕೋಣೆಯಲ್ಲಿರಬೇಕಿತ್ತು. ಬೆಂಗಳೂರಿನಿಂದ ಚನ್ನಮಲ್ಲಪ್ಪ ಎಂಬ ಅಧಿಕಾರಿ ವಿಚಾರಣೆಗೆ ಬಂದಿದ್ದರು. ಐದಕ್ಕೆ ಹೊರಟುಬಿಡುತ್ತಾರೆ. ವಿಚಾರಣೆ ಯಾರ ಮೇಲೆ? ನೆಲದ ಮೇಲೆ ಕೂತಿದ್ದಾನಲ್ಲ, ಅವನ ಮೇಲೆ. ದೂರು ಕೊಟ್ಟವರು ಯಾರು? ಇವಳೇ!

ಎರಡು ತಿಂಗಳ ಹಿಂದೆ, ಅವಳು ನಡೆಸಿಕೊಡುತ್ತಿದ್ದ ಮೆಚ್ಚಿನ ಹಾಡುಗಳ ನೇರ ಕಾರ್ಯಕ್ರಮವನ್ನು ಶಶಿಧರ ಕಂಟ್ರೋಲ್ ರೂಮಿನಲ್ಲಿ ಕೂತು ಮಧ್ಯದಲ್ಲೇ ಕತ್ತರಿಸಿದ್ದ. ಹಾಡು ಅರ್ಧಕ್ಕೆ ನಿಂತು, ಎರಡು ನಿಮಿಷ ಬರೀ ಕೊಳಲು ಕೇಳಿಸಿತ್ತು. ರಾಜ್ಯಮಟ್ಟದ ಸ್ಪರ್ಧೆಗೆ ಅದೇ ದಿನದ ಕಾರ್ಯಕ್ರಮ ಹೋಗಬೇಕಿತ್ತು. ತಿಂಗಳಿಗೆ ಆರು ದಿನ ಡ್ಯೂಟಿ ಸಿಗುವ ಕ್ಯಾಶುಯಲ್ ಅನೌನ್ಸರ್‌ಗೆ ಅಂಥ ಅವಕಾಶ ಮತ್ತೆ ಮತ್ತೆ ಬರುತ್ತದೆಯೇ? ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ "ನನ್ನ ತಪ್ಪು" ಎಂದನೇ ಹೊರತು ಬೇರೆ ಮಾತಿಲ್ಲ. ಬೇಕೆಂದೇ ಕತ್ತರಿಸಿದರು ಎಂದು ಅವಳು ಆವತ್ತೇ ಬರೆದುಕೊಟ್ಟಳು. ವಿಚಾರಣೆ ಮುಗಿಯುವ ತನಕ ಅವಳ ಡ್ಯೂಟಿಯೂ ನಿಂತಿತು.

ಇವತ್ತು ಅವಳು ಹೇಳಿಕೆ ಕೊಟ್ಟು ಸಹಿ ಹಾಕಬೇಕು. ಬಾರದಿದ್ದರೆ ದೂರನ್ನೇ ಹೇಳಿಕೆ ಎಂದುಕೊಂಡು ಫೈಲು ಮುಚ್ಚುತ್ತಾರೆ. ಅಲ್ಲಿಗೆ ಶಶಿಧರನ ಸರ್ವಿಸ್ ಪುಸ್ತಕಕ್ಕೊಂದು ಕಪ್ಪು ಚುಕ್ಕೆ, ನಾಳೆಯೇ ರಾಯಚೂರಿಗೆ ವರ್ಗ. ಆದೇಶ ಆಗಲೇ ಟೈಪಾಗಿ ಸಹಿಗೆ ಕಾದಿತ್ತು. ಅವನು ಸಾಮಾನು ಎಣಿಸುತ್ತಿದ್ದದ್ದೂ ಅದಕ್ಕೇ, ಚಾರ್ಜ್ ಬಿಟ್ಟುಕೊಡಲು.

"ಕೂಗೋಣ," ಎಂದಳು ಅವಳು.

"ಕೂಗಿ."

ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ರಂಧ್ರದ ಹಲಗೆ ಹೊಡೆದ ಗೋಡೆಗಳು ಅವಳ ದನಿಯನ್ನು ಅಲ್ಲಲ್ಲೇ ನುಂಗಿದವು. ನಾಲ್ಕು ವರ್ಷ ಇಡೀ ಕೊಡಗಿಗೆ ಕೇಳಿಸಿದ ದನಿ ಈಗ ಹತ್ತಡಿ ಆಚೆಗೂ ಕೇಳಿಸಲಿಲ್ಲ.

"ಈ ಕೋಣೆ ಕಟ್ಟಿದ್ದೇ ಹಾಗೆ," ಎಂದ ಅವನು, ತಪ್ಪು ತನ್ನದೇ ಎಂಬಂತೆ. "ನೆಲ ಗೋಡೆಗೆ ತಾಗಿಲ್ಲ. ಕೆಳಗೆ ರಬ್ಬರ್ ಕೊಟ್ಟು ಎತ್ತಿದ್ದಾರೆ. ರಸ್ತೆಲಿ ಬಸ್ ಏರೋ ಸದ್ದು ಒಳಗೆ ಬರ್ಬಾರ್ದು ಅಂತ. ಮೊದಲ ವರ್ಷ ನಾಟಕದ ರೆಕಾರ್ಡಿಂಗ್‌ನಲ್ಲೆಲ್ಲ ಮಳೆ ಸದ್ದೇ ಬಂತಂತೆ. ಮದುವೆ ಸೀನಲ್ಲೂ ಮಳೆ, ಮರಳುಗಾಡಿನ ಸೀನಲ್ಲೂ ಮಳೆ! ಅದಕ್ಕೆ ಆಮೇಲೆ ಎರಡನೇ ಸೀಲಿಂಗ್ ಹಾಕಿದ್ರು."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಜೊತೆಗೆ ಬರೆದುಕೊಳ್ಳುತ್ತಿದ್ದಳು. ಇಲ್ಲಿಗೆ ಬಂದಿದ್ದೇ ಆ ಕೆಲಸಕ್ಕೆ. ಮೂವತ್ತು ವರ್ಷ ದಾಟಿದ ಈ ಹಳೇ ಸ್ಟುಡಿಯೋ ಬ್ಲಾಕಿಗೆ ಮುಂದಿನ ವಾರ ಬೀಗ ಬೀಳುತ್ತಿತ್ತು. ಅದರ ಕಥೆಯನ್ನು ಹೇಳುವ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಅವಳೇ ಸ್ಕ್ರಿಪ್ಟ್ ಬರೆದಿದ್ದಳು. ಹೇಳಿಕೆಗೆ ಹೇಗೂ ಬರುತ್ತೀರಲ್ಲ, ಒಂದು ಗಂಟೆ ಮೊದಲೇ ಬಂದು ನಾಟಕ ಸ್ಟುಡಿಯೋದಲ್ಲೇ ಕೈ ರೆಕಾರ್ಡರಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿಕೊಳ್ಳಿ ಎಂದಿದ್ದರು ಮೇಲಿನವರು.

ಶಶಿಧರ ಎದ್ದ. ಕೋಣೆಯ ನಡುವೆ ಒಂದು ಚೌಕಟ್ಟು ನಿಂತಿತ್ತು. ಅದಕ್ಕೊಂದು ಬಾಗಿಲು, ಚಿಲಕ, ಅಗುಳಿ, ಬೀಗ. ಗೋಡೆ ಇಲ್ಲ, ಬರೀ ಬಾಗಿಲು. ನಾಟಕದಲ್ಲಿ ಬಾಗಿಲು ತೆಗೆಯುವ, ಹಾಕುವ ಸದ್ದಿಗೆಂದು ಮಾಡಿಸಿದ್ದು. ಅದರ ಪಕ್ಕದಲ್ಲಿ ಮೂರೇ ಮೂರು ಮೆಟ್ಟಿಲು. ಒಂದು ಮರದ್ದು, ಒಂದು ಕಲ್ಲಿನದ್ದು, ಒಂದು ಸಿಮೆಂಟಿನದ್ದು.

"ಇದರ ಹಿಡಿ ಬಿಚ್ಚಿ ಅದಕ್ಕೆ ಹಾಕಿ ನೋಡ್ತೀನಿ," ಎಂದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ಇಪ್ಪತ್ತು ನಿಮಿಷ ಒದ್ದಾಡಿದ. ಈ ಬಾಗಿಲಿನ ಹಿಡಿಯ ಕಂಬಿ ಸಪೂರ, ಆ ಬಾಗಿಲಿನ ತೂತು ದೊಡ್ಡದು. ಗರಗರ ತಿರುಗಿತೇ ಹೊರತು ಕೊಂಡಿ ಕದಲಲಿಲ್ಲ. ಅವನ ಹೆಬ್ಬೆರಳಿನ ತುದಿ ಕಿತ್ತು ರಕ್ತ ಬಂತು. ಅವಳ ಕೈ ತಾನಾಗಿ ಕರವಸ್ತ್ರದ ಕಡೆಗೆ ಹೋಯಿತು. ತಕ್ಷಣ ಹಿಂದೆಗೆದುಕೊಂಡಳು. 'ಇವನಿಗೆ ನಾನ್ಯಾಕೆ ಕರಗಬೇಕು?'

ಮೊದಲೆಲ್ಲ ಹೀಗಿರಲಿಲ್ಲ ಕಣ್ರೀ. ನಾಲ್ಕು ವರ್ಷ ಅವರಿಬ್ಬರ ಮಧ್ಯೆ ಇದ್ದದ್ದು ಬರೀ ಒಂದು ಗಾಜು. ಗಾಜಿನ ಈಚೆ ಅನೌನ್ಸರ್ ಬೂತ್, ಆಚೆ ಕಂಟ್ರೋಲ್ ರೂಮ್. ಅವನು ಬೆರಳೆತ್ತಿದರೆ ಅವಳು ಮಾತು ಶುರು ಮಾಡಬೇಕು. ಅಂಗೈ ತೋರಿಸಿದರೆ ನಿಲ್ಲಿಸಬೇಕು. ಮೂರ್ನಾಡಿನ ಕೇಳುಗರ ಪತ್ರ ಓದುವಾಗ ಅವಳಿಗೆ ನಗು ತಡೆಯದಿದ್ದರೆ ಗಾಜಿನಾಚೆ ಅವನೂ ನಗುತ್ತಿದ್ದ. ಮಾತಿಲ್ಲದೆ ಕೈಸನ್ನೆಯಲ್ಲೇ ಎಷ್ಟೋ ನಡೆದುಹೋಗಿತ್ತು. ಎದುರಾದಾಗ ಮಾತ್ರ "ಊಟ ಆಯ್ತಾ ಸರ್", "ಆಯ್ತು ಮೇಡಂ". ಅಷ್ಟೇ!

ಅಂಥವನು ತನ್ನನ್ನು ಕತ್ತರಿಸಿದ್ದ. ಅದೇ ಅವಳಿಗೆ ಅರಗದೆ ಉಳಿದದ್ದು.

ನಾಲ್ಕು ಗಂಟೆಯಾಯಿತು. ತಲೆಯ ಮೇಲೆ ಸಣ್ಣಗೆ ಗುಂಯ್‌ಗುಡುತ್ತಿದ್ದ ಸದ್ದು ಗಕ್ಕನೆ ನಿಂತಿತು.

"ಏನದು?" ಅವಳು ತಲೆ ಎತ್ತಿ ಸೀಲಿಂಗ್ ನೋಡಿದಳು.

"ಎ.ಸಿ. ಪ್ಲಾಂಟ್. ಈ ಬ್ಲಾಕಿಗೆ ಈಗ ನಾಲ್ಕು ಗಂಟೆ ತನಕ ಅಷ್ಟೇ."

"ಅಂದ್ರೆ... ಗಾಳಿ?"

ಉತ್ತರ ಬರುವ ಮೊದಲೇ ಅವಳಿಗೆ ಉಸಿರು ಕಟ್ಟಿದ ಹಾಗಾಯಿತು. ಹೊರಗಿಗೆ ಕಿಟಕಿಯಿಲ್ಲದ ಕೋಣೆ. ಇದ್ದ ಒಂದು ಗಾಜಿನಾಚೆ ಇದರದ್ದೇ ಖಾಲಿ ಕಂಟ್ರೋಲ್ ರೂಮು. ಸದ್ದೇ ಇಲ್ಲದ ಕೋಣೆ. ಅವಳ ಎದೆಬಡಿತ ಅವಳಿಗೇ ಕೇಳಿಸುತ್ತಿತ್ತು. ಗೋಡೆಗಳು ಹತ್ತಿರ ಬಂದ ಹಾಗೆ ಅನಿಸಿತು. ಓಡಿಹೋಗಿ ಎರಡೂ ಕೈಯಿಂದ ಬಾಗಿಲು ಬಡಿದಳು.

"ತೆಗೀರಿ! ಯಾರಾದ್ರೂ ಇದ್ದೀರಾ? ತೆಗೀರಿ!"

"ಕಾವ್ಯಶ್ರೀ, ಇಲ್ಲಿ ನೋಡಿ... ಗಾಳಿ ಬೇಕಾದಷ್ಟಿದೆ. ಇಪ್ಪತ್ತು ಜನ ನಾಟಕ ಆಡಿದ ಕೋಣೆ ಇದು. ಹೆದ್ರಬೇಡಿ, ನಾ ಇಲ್ಲೇ ಒಳೆ."

ಗಾಬರಿಯಾದಾಗ ಅವನ ಬಾಯಲ್ಲಿ ಮನೆಯ ಅರೆಭಾಷೆ ಬಂದುಬಿಡುತ್ತಿತ್ತು. 'ನಾನು ಇಲ್ಲೇ ಇದ್ದೇನೆ' ಎಂಬ ಅಷ್ಟೇ ಮಾತು. ಆದರೂ ಅವಳ ಕೈಗಳು ಬಾಗಿಲಿನಿಂದ ಕೆಳಗಿಳಿದವು. ಮರದ ಮೆಟ್ಟಿಲ ಮೇಲೆ ಕೂತಳು.

ಅವನು ಮಾತು ಬದಲಿಸಲು ಹವಣಿಸಿದ. ಅಮ್ಮತ್ತಿ ಕಡೆಯ ಒಬ್ಬ ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತರು, ತಿಂಗಳಿಗೊಮ್ಮೆ ರಜೆ ಹಾಕಿ ಬಂದು ಇದೇ ಮೆಟ್ಟಿಲ ಹತ್ತಿರ ನಿಂತು ಖಳನಾಯಕನ ಪಾರ್ಟು ಮಾಡುತ್ತಿದ್ದರಂತೆ. ನಾಟಕ ಪ್ರಸಾರವಾದ ಮಾರನೇ ದಿನ ಕಾಫಿ ಕೊಯ್ಲಿನ ಪಿಕ್ಕಿಂಗಿಗೆ ಬಂದ ಹೆಂಗಸರು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರಂತೆ. ಅವಳು ಹೂಂ ಎಂದಳು. ಉಸಿರು ಇನ್ನೂ ಏರಿಳಿಯುತ್ತಿತ್ತು.

ಬೇರೇನು ಹೇಳುವುದೆಂದು ತೋಚದೆ, ಎರಡು ತಿಂಗಳಿಂದ ಗಂಟಲಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನೇ ಅವನು ಕೇಳಿಬಿಟ್ಟ.

"ನಿಮ್ಮ ತಂದೆಯವರು ಈಗ ಹೇಗಿದ್ದಾರೆ? ಮೈಸೂರಿನ ಟ್ರೀಟ್‌ಮೆಂಟ್ ಹಿಡೀತಾ?"

"ಹೂಂ, ಆಪರೇಷನ್ ಆಯ್ತು. ಶುರುವಲ್ಲೇ ಗೊತ್ತಾಯ್ತಲ್ಲ, ಡಾಕ್ಟರು ಇನ್ನೇನೂ..."

ಅವಳ ಮಾತು ಅಲ್ಲಿಗೇ ನಿಂತಿತು. ಮೆಲ್ಲಗೆ ತಲೆ ಎತ್ತಿದಳು.

"ನಿಮಗೆ ಯಾರು ಹೇಳಿದ್ರು?"

ಅವನು ಸಾಮಾನಿನ ಪಟ್ಟಿ ಎತ್ತಿಕೊಂಡು ಅದರಲ್ಲಿ ಕಣ್ಣು ನೆಟ್ಟ.

"ಊರಿಗೆಲ್ಲ ಹರ್ನಿಯಾ ಅಂತ ಹೇಳಿದ್ದೀವಿ. ಕ್ಯಾನ್ಸರ್ ಅಂತ ಗೊತ್ತಿರೋದು ನಮ್ಮ ಮನೆ ಜನಕ್ಕೆ ಮಾತ್ರ. ನಿಮಗೆ ಹೇಗೆ ಗೊತ್ತು? ಹೇಳಿ!"

"ಯಾರೋ ಹೇಳಿದ್ರು... ಬಿಡಿ."

"ಬಿಡಲ್ಲ. ಆ ರಿಪೋರ್ಟ್ ಬಗ್ಗೆ ನಾನು ಈ ಊರಲ್ಲಿ ಮಾತಾಡಿದ್ದು ಒಂದೇ ಸಲ. ಅನು ಫೋನ್ ಮಾಡಿದಾಗ. ಬೂತಲ್ಲಿ. ಒಬ್ಳೇ ಇದ್ದಾಗ..."

ಹೇಳುತ್ತ ಹೇಳುತ್ತ ಅವಳ ಮುಖದ ಬಣ್ಣ ಇಳಿಯಿತು.

ಆ ದಿನ ತಂಗಿ ಅನುಶ್ರೀ ರಿಪೋರ್ಟ್ ತರಲು ಮೈಸೂರಿಗೆ ಹೋಗಿದ್ದಳು. ಫೋನ್ ಬರಬಹುದೆಂದು ಕಾವ್ಯಶ್ರೀ ಯಾರಿಗೂ ಹೇಳದೆ ಅದನ್ನು ಬೂತಿನೊಳಗೆ ತಂದಿದ್ದಳು. ಹಾಡು ಹಚ್ಚಿದ್ದಷ್ಟೇ, ಫೋನ್ ಅಲುಗಿತು. ಹೆಡ್‌ಫೋನ್ ಕಿತ್ತಿಟ್ಟು ಎತ್ತಿಕೊಂಡಳು. ಆ ಗಡಿಬಿಡಿಯಲ್ಲಿ... ಆ ಗಡಿಬಿಡಿಯಲ್ಲಿ ಮೈಕ್ ಮುಚ್ಚುವ ಫೇಡರ್ ಕೆಳಗೆ ಎಳೆದಳೇ?

ಇಲ್ಲ.

"ಮೈಕ್ ತೆರೆದಿತ್ತಾ?" ಪಿಸುಗುಟ್ಟಿದಳು.

ಅವನು ತಲೆಯಾಡಿಸಿದ.

"ಹಾಡಿನ ಮೇಲೆ ನಿಮ್ಮ ದನಿ ಬಂತು. 'ಹೇಳು ಅನು, ರಿಪೋರ್ಟ್ ಬಂತಾ' ಅನ್ನೋ ತನಕ ಹೊರಗೆ ಹೋಗಿದೆ, ಹಾಡಿನ ಸದ್ದಲ್ಲಿ ಯಾರೂ ಗಮನಿಸಿಲ್ಲ. ಅಷ್ಟರಲ್ಲಿ ನಾನು ನಿಮ್ಮ ಬೂತಿನ ಲೈನನ್ನೇ ಇಳಿಸಿ ಕೊಳಲು ಹಾಕ್ದೆ. ಆಮೇಲಿಂದು ಯಾರಿಗೂ ಕೇಳಿಲ್ಲ. ನನಗೆ ಬಿಟ್ಟು."

ಕಾವ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಅಪ್ಪ ಸಣ್ಣಸ್ವಾಮಿ ಕುಶಾಲನಗರದ ಪಕ್ಕದ ಹಳ್ಳಿಯಲ್ಲಿ ಮೆಕ್ಕೆಜೋಳ, ಶುಂಠಿ ಬೆಳೆಯುವ ಮನುಷ್ಯ. ಮಗಳ ಕಾರ್ಯಕ್ರಮವಿದ್ದ ದಿನ ರೇಡಿಯೋವನ್ನು ಕೊರಳಿಗೆ ನೇತುಹಾಕಿಕೊಂಡೇ ಹೊಲಕ್ಕಿಳಿಯುತ್ತಿದ್ದ. ಆ ದಿನವೂ ನೇತುಹಾಕಿಕೊಂಡಿದ್ದ. ಶಶಿಧರ ಲೈನ್ ಇಳಿಸದಿದ್ದರೆ, 'ಅಪ್ಪನಿಗೆ ಕ್ಯಾನ್ಸರಾ?' ಎಂದು ಅವಳು ಕಿರುಚಿದ್ದು ಆ ರೇಡಿಯೋದಿಂದಲೇ ಅವನ ಎದೆಗೆ ಬಡಿಯುತ್ತಿತ್ತು!

ತನ್ನ ಅಪ್ಪನಿಗೆ, ತನ್ನದೇ ದನಿಯಲ್ಲಿ...

"ಯಾಕೆ ಹೇಳಲಿಲ್ಲ?" ಕಣ್ಣೀರು ಇಳಿಯುತ್ತಿತ್ತು. ಸಿಟ್ಟೂ ಇತ್ತು. "ಅವತ್ತೇ ಹೇಳ್ಬಹುದಿತ್ತಲ್ಲ! ನಾನು ಕೇಳ್ದೆ. ಎಲ್ಲರ ಮುಂದೆ ಕೇಳ್ದೆ!"

"ಎಲ್ಲರ ಮುಂದೆ ಕೇಳಿದ್ರಿ, ಅದಕ್ಕೇ ಹೇಳಲಿಲ್ಲ. ಲೈನ್ ಒಂದು ಸೆಕೆಂಡ್ ಹೋದ್ರೂ ಲಾಗ್ ಬುಕ್ಕಲ್ಲಿ ಕಾರಣ ಬರೀಬೇಕು. ನಿಜ ಬರೆದ್ರೆ ಬೂತಲ್ಲಿ ಫೋನು, ಮೈಕ್ ಓಪನ್. ಪ್ಯಾನೆಲ್‌ನಿಂದ ನಿಮ್ಮ ಹೆಸರು ಅವತ್ತೇ ಹೊಡೆದು ಹಾಕ್ತಿದ್ರು. ಮನೇಲಿ ಅಂಥ ಸುದ್ದಿ ಬಂದ ದಿನ ಕೆಲಸಾನೂ ಹೋಗೋದಾ? ನನ್ನ ತಪ್ಪು ಅಂತ ಬರೆದೆ. ಬಯ್ದು ಬಿಡ್ತಾರೆ ಅಂದ್ಕೊಂಡಿದ್ದೆ."

"ಅಷ್ಟರಲ್ಲಿ ನಾನು ಕಂಪ್ಲೇಂಟ್ ಕೊಟ್ಟೆ."

"ಕೊಟ್ರಿ."

ಅವನ ದನಿಯಲ್ಲಿ ದೂರಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಆ ದಿನ ಅವಳಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ವಿಧಿಯ ಮೇಲೆ ದೂರು ಬರೆದುಕೊಡಲು ಆಗುವುದಿಲ್ಲ. ಶಶಿಧರನ ಮೇಲೆ ಬರೆದುಕೊಟ್ಟಿದ್ದಳು.

"ಆಮೇಲೆ ಫೋನ್ ಮಾಡಿ ಹೇಳ್ಬಹುದಿತ್ತು."

"ಮಾಡ್ದೆ. ನೀವು ಬ್ಲಾಕ್ ಮಾಡಿದ್ರಿ." ಕಿವಿಯ ಮೇಲಿನ ಪೆನ್ನು ತೆಗೆದು ಜೇಬಿಗಿಟ್ಟ. "ಮತ್ತೆ ನೀವು ಫೋನಲ್ಲಿ ಆಡಿದ್ದೆಲ್ಲ ನನ್ನ ಕಿವಿಗೆ ಬಿದ್ದಿತ್ತು. ಬೇರೆಯವರ ಮಾತು. ಕೇಳಬಾರದಿತ್ತು. ಲೈನ್ ಮತ್ತೆ ಯಾವಾಗ ಎತ್ತಬಹುದು ಅಂತ ಗೊತ್ತಾಗೋಕೆ ಕೇಳಲೇಬೇಕಾಯ್ತು. 'ಇಲ್ಲಿ ಒಬ್ರಿದ್ದಾರೆ ಅನು, ಅವರ ಹತ್ರ ಹೇಳ್ಕೊಂಡು ಅತ್ತುಬಿಡ್ತೀನಿ' ಅಂದ್ರಿ. ಆಗ ಸಮಾಧಾನ ಆಯ್ತು. ನಿಮಗೆ ಅಂತ ಯಾರೋ ಒಬ್ರಿದ್ದಾರಲ್ಲ, ನಾನು ಯಾಕೆ ಅಡ್ಡ ಹೋಗ್ಲಿ ಅಂತ ಸುಮ್ಮನಾದೆ."

ಕಾವ್ಯಶ್ರೀ ಅವನನ್ನೇ ನೋಡಿದಳು.

'ಎಂಥ ದಡ್ಡ! ದೇವರೇ, ಎಂಥ ದಡ್ಡನನ್ನು ಇಷ್ಟಪಟ್ಟೆ ನಾನು!'

ತುಟಿಗೆ ಬಂದ ಮಾತನ್ನು ಅವಳು ನುಂಗಿದಳು. ವಾಚ್ ಕಣ್ಣಿಗೆ ಬಿದ್ದಿತ್ತು. ನಾಲ್ಕು ನಲವತ್ತು! ಇನ್ನು ಇಪ್ಪತ್ತು ನಿಮಿಷಕ್ಕೆ ಚನ್ನಮಲ್ಲಪ್ಪನವರ ಕಾರು ಹೊರಡುತ್ತದೆ. ಅವಳು ಹೋಗದಿದ್ದರೆ ಅವಳ ಸುಳ್ಳು ದೂರೇ ಕೊನೆಯ ಮಾತಾಗುತ್ತದೆ. ಒಂದು ಗಂಟೆ ಮೊದಲು ಇವನ ವಿರುದ್ಧ ಸಹಿ ಹಾಕಲು ಹೊರಗೆ ಹೋಗಬೇಕಿತ್ತು. ಈಗ ಇವನನ್ನು ಉಳಿಸಲು ಹೋಗಬೇಕು. ಬಾಗಿಲು ಮಾತ್ರ ಹಾಗೇ ಮುಚ್ಚಿಕೊಂಡಿದೆ.

"ಏನಾದ್ರೂ ಮಾಡಿ!" ಎಂದು ಅವನ ತೋಳು ಹಿಡಿದು ಅಲುಗಿಸಿದಳು. "ಗಾಜು ಒಡೀರಿ. ಸೀಲಿಂಗ್ ಕೀಳಿ. ನಾನು ಹೋಗ್ಲೇಬೇಕು!"

"ಹೋಗಿ ಏನು ಹೇಳ್ತೀರಿ?"

"ನಿಜ."

"ಬೇಡ. ನಾನು ರಾಯಚೂರಿಗೆ ಹೋದ್ರೂ ಸಂಬಳ ಬರುತ್ತೆ. ನಿಮಗೆ ಮೈಕ್ ಹೋದ್ರೆ ಏನಿದೆ?"

"ಅದನ್ನ ನಾನು ನೋಡ್ಕೋತೀನಿ. ಒಡೀರಿ ಅಂದೆ!"

ಅವನು ಕಬ್ಬಿಣದ ಮೈಕ್ ಸ್ಟ್ಯಾಂಡ್ ಎತ್ತಿ ಕಂಟ್ರೋಲ್ ರೂಮಿನ ಕಡೆಯ ಗಾಜಿಗೆ ಬೀಸಿದ. ಎರಡು ಪದರದ ಗಾಜು. ಮೊದಲನೆಯದಕ್ಕೆ ಸಣ್ಣ ಗೀರು ಬಿತ್ತು, ಅಷ್ಟೇ. ಮತ್ತೊಮ್ಮೆ ಬೀಸಿದ. ಅವಳೂ ಕೈಜೋಡಿಸಿದಳು. ಇಬ್ಬರ ಮುಖವೂ ಬೆವೆತಿತ್ತು. ನಾಲ್ಕು ನಲವತ್ತೈದು... ನಲವತ್ತೆಂಟು... ಮೂವತ್ತು ವರ್ಷದ ಹಿಂದೆ ಆ ಗಾಜು ಕೂರಿಸಿದ ಪುಣ್ಯಾತ್ಮ ಕೆಲಸದಲ್ಲಿ ಒಂಚೂರೂ ಮೋಸ ಮಾಡಿರಲಿಲ್ಲ.

ಆಗ ಕರೆಂಟ್ ಹೋಯಿತು.

ಕೊಡಗಿನಲ್ಲಿ ಕರೆಂಟ್ ಹೋಗುವುದೊಂದು ಸುದ್ದಿಯೇ? ದಿನಕ್ಕೆ ನಾಲ್ಕು ಸಲ ಬೈದುಕೊಳ್ಳುತ್ತೇವೆ. ಆದರೆ ಗವ್ವೆನ್ನುವ ಆ ಕತ್ತಲಲ್ಲಿ ಶಶಿಧರ "ದೀಪ!" ಎಂದು ಕಿರುಚಿದ. "ಹೊರಗಿನ ಕೆಂಪು ದೀಪಾನೂ ಆರಿರುತ್ತೆ! ಜನರೇಟರ್ ಎತ್ಕೊಳ್ಳೋಕೆ ಇಪ್ಪತ್ತು ಸೆಕೆಂಡ್..."

ಒಂದು. ಎರಡು. ಮೂರು. ಕತ್ತಲಲ್ಲಿ ಅವಳು ಅವನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು. ಏಳು. ಎಂಟು.

ಬಾಗಿಲು ತೆರೆಯಿತು!

ಹೊರಗೆ, ಸಂಜೆಯ ಬೆಳಕಿನಲ್ಲಿ, ಕಸಬರಿಕೆ ಹಿಡಿದ ಚಲುವಮ್ಮ ನಿಂತಿದ್ದಳು. ಇಪ್ಪತ್ತು ವರ್ಷದಿಂದ ಈ ಬ್ಲಾಕ್ ಗುಡಿಸುವ ಹೆಂಗಸು.

"ಮುಗೀತೇನವ್ವ ರೆಕಾರ್ಡಿಂಗು? ಮೂರೂವರೆಯಿಂದ ಇಲ್ಲೇ ಕುಂತಿವ್ನಿ. ಎಂಥ ಉದ್ದದ ನಾಟಕನವ್ವ ಇದು!"

"ಮೂರೂವರೆಯಿಂದ?! ಇಲ್ಲೇ ಇದ್ರಾ?"

"ಮತ್ತಿನ್ನೆಲ್ಲಿ? ಕೆಂಪು ಲೈಟು ಉರೀತಿತ್ತು. ಲೈಟು ಉರೀತಿರೋವಾಗ ಬಾಗ್ಲು ತಳ್ಳಕ್ಕಾಯ್ತದಾ? ಆ ಬೆಂಗ್ಳೂರು ಸಾಯೇಬ್ರೂ ಬಂದಿದ್ರು. ಲೈಟು ನೋಡಿ ಸದ್ದಿಲ್ದಂಗೆ ಹೊಂಟೋದ್ರು."

ನಗಬೇಕೋ ಅಳಬೇಕೋ! ಬಿಡುಗಡೆ ಒಂದು ಬಾಗಿಲಿನ ಆಚೆ ಕಸಬರಿಕೆ ಹಿಡಿದು ಕೂತಿತ್ತು. ಕಾವ್ಯಶ್ರೀ ಚಲುವಮ್ಮನ ಕೆನ್ನೆ ಹಿಂಡಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

"ಕಾವ್ಯಶ್ರೀ, ಬೇಡ! ನಿಲ್ಲಿ!" ಹಿಂದಿನಿಂದ ಅವನ ಕೂಗು.

ಅವಳು ನಿಲ್ಲಲಿಲ್ಲ.

ಚನ್ನಮಲ್ಲಪ್ಪನವರು ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಕೆದರಿದ ಕೂದಲು, ಬರಿಗಾಲಿನಲ್ಲಿ ಒಳನುಗ್ಗಿದ ಹುಡುಗಿಯನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

"ರೆಕಾರ್ಡಿಂಗ್ ಮುಗೀತಾ? ನಾನೇ ಬಂದಿದ್ದೆ. ದೀಪ ಉರೀತಿತ್ತು."

"ಸರ್, ಒಂದು ಹಾಳೆ ಕೊಡಿ."

ನಿಂತೇ ಬರೆದಳು. ಫೋನ್ ಒಳಗೆ ತಂದದ್ದು, ಮೈಕ್ ತೆರೆದಿಟ್ಟದ್ದು, ಶಶಿಧರ ಲೈನ್ ಇಳಿಸಿದ್ದರಿಂದ ಒಂದು ಮನೆ ಉಳಿದದ್ದು. ಲಾಗ್ ಬುಕ್ಕಿನಲ್ಲಿ ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು. ತನ್ನ ದೂರು ಸುಳ್ಳು ಎಂಬುದು.

ಚನ್ನಮಲ್ಲಪ್ಪನವರು ಎರಡು ಸಲ ಓದಿದರು.

"ತಾಯಿ, ಇದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ ಗೊತ್ತಾ? ಒಂದು ವರ್ಷ ನಿಮಗೆ ಡ್ಯೂಟಿ ಇಲ್ಲ. ಆಮೇಲೂ ಹೊಸದಾಗಿ ಧ್ವನಿ ಪರೀಕ್ಷೆ. ಪಾಸಾದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಅವಳ ಪೆನ್ನು ಒಂದು ಕ್ಷಣ ತಡೆಯಿತು. ಸುಳ್ಳೇಕೆ, ತಡೆಯಿತು. ಶನಿವಾರಸಂತೆಯಿಂದ ಬರುವ ಪತ್ರಗಳು, ಬಸ್ಸಿನಲ್ಲಿ ದನಿಯಿಂದಲೇ ಗುರುತು ಹಿಡಿಯುವ ಜನ, ಹೊಲದಲ್ಲಿ ರೇಡಿಯೋ ಕಟ್ಟಿಕೊಂಡ ಅಪ್ಪ... ಎಲ್ಲ ಕಣ್ಣ ಮುಂದೆ ಬಂತು.

ಸಹಿ ಹಾಕಿದಳು.

"ವರ್ಗದ ಆದೇಶಕ್ಕೆ ನಾನು ಸಹಿ ಹಾಕಲ್ಲ," ಎಂದರು ಅವರು ಹಾಳೆಯನ್ನು ಫೈಲಿಗೆ ಸೇರಿಸುತ್ತಾ. "ಆದ್ರೆ ಲಾಗ್ ಬುಕ್ಕಲ್ಲಿ ಸುಳ್ಳು ಬರೆದಿದ್ದಾನಲ್ಲ, ಅದಕ್ಕೆ ಅವನಿಗೊಂದು ಮೆಮೊ ತಪ್ಪಲ್ಲ."

ಪೋರ್ಟಿಕೋದಲ್ಲಿ ಶಶಿಧರ ಕಾಯುತ್ತಿದ್ದ. ಅಧಿಕಾರಿಯ ಕಾರು ಗುಡ್ಡ ಇಳಿಯಿತು. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

"ಎಷ್ಟು?"

"ಒಂದು ವರ್ಷ. ನಿಮ್ಮ ವರ್ಗ ಇಲ್ಲ."

"ಯಾಕ್ರೀ ಬರೆದ್ರಿ?" ಮೊದಲ ಸಲ ಅವನ ದನಿ ಏರಿತು. "ಹೀಗಾಗಬಾರದು ಅಂತ ತಾನೇ ನಾನು ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದು!"

"ನೀವು ಬಾಯಿ ಮುಚ್ಕೊಂಡಿದ್ದಕ್ಕೆ ನಾನು ಎರಡು ತಿಂಗಳು ನಿಮ್ಮನ್ನ ಶಪಿಸ್ಕೊಂಡು ಓಡಾಡ್ದೆ. ಇನ್ನೂ ಶಪಿಸ್ಬೇಕಿತ್ತಾ?"

ಅವನು ನೆಲ ನೋಡಿದ. ಬೆರಳಿನ ಗಾಯದಲ್ಲಿ ರಕ್ತ ಒಣಗಿತ್ತು. ಅವಳು ಕರವಸ್ತ್ರ ತೆಗೆದು, ಕೇಳದೆಯೇ ಅವನ ಹೆಬ್ಬೆರಳಿಗೆ ಸುತ್ತಿದಳು.

"ಆ ಒಬ್ಬರಿಗೆ ಈಗಲಾದ್ರೂ ಎಲ್ಲ ಹೇಳ್ಕೊಳ್ಳಿ," ಎಂದ ಅವನು ಕಷ್ಟಪಟ್ಟು. "ಮನಸ್ಸು ಹಗುರ ಆಗುತ್ತೆ."

"ಹೇಳ್ಕೊಳ್ತಾ ಇದ್ದೀನಲ್ಲ."

"ಯಾರ ಹತ್ರ?"

ಎಲ್ಲೋ ಕಡಿದ ವೈರನ್ನು ಕತ್ತಲಲ್ಲೇ ಕಂಡುಹಿಡಿಯುವ ಮನುಷ್ಯ. ಕಣ್ಣ ಮುಂದಿನದು ಕಾಣುತ್ತಿಲ್ಲ!

"ಅವತ್ತು ಪ್ರೋಗ್ರಾಂ ಮುಗಿದಿದ್ದೇ ಅಳೋಕೆ ಅಂತ ಕಂಟ್ರೋಲ್ ರೂಮಿಗೆ ಓಡಿ ಬಂದೆ," ಎಂದಳು ಗಂಟು ಬಿಗಿಯುತ್ತಾ. "ಬಾಗಿಲಲ್ಲೇ ಯಾರೋ ಹೇಳಿದ್ರು, ಶಶಿಧರ ನಿಮ್ಮ ಹಾಡು ಕಟ್ ಮಾಡ್ದ ಅಂತ. ನೀವು ಲಾಗ್ ಬುಕ್ ಬರೀತಾ ಕೂತಿದ್ರಿ. ತಲೆನೇ ಎತ್ತಲಿಲ್ಲ."

ಅವನ ಕೈ ಅವಳ ಕೈಯೊಳಗೆ ಅಲುಗದೆ ನಿಂತಿತು.

"ನಾನಾ? ಆ ಒಬ್ರು... ನಾನಾ?"

"ಇನ್ಯಾರು?"

ಅವನು ಕರವಸ್ತ್ರ ಸುತ್ತಿದ ಬೆರಳನ್ನೇ ನೋಡುತ್ತ ಹೇಳಿದ.

"ತಲೆ ಎತ್ತಿದ್ರೆ... ನಾನು ಅತ್ತಿದ್ದು ನಿಮಗೆ ಕಾಣ್ತಿತ್ತು."

"ಈಗ ಎತ್ತಿ."

ಎತ್ತಿದ. ಕಣ್ಣು ತುಂಬಿತ್ತು, ಮುಚ್ಚಿಡಲು ಹೋಗಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದು ಅವನ ಭುಜಕ್ಕೆ ಹಣೆ ಒತ್ತಿದಳು. ಎರಡು ತಿಂಗಳಿಂದ ಮನೆಯವರ ಮುಂದೆ ಹಲ್ಲು ಕಚ್ಚಿ ತಡೆದಿದ್ದ ಅಳು ಒಮ್ಮೆಲೇ ಹೊರಬಂತು. ಹೊರಬಾಗಿಲ ಹತ್ತಿರ ಬಂದ ಚಲುವಮ್ಮ ಒಂದು ಸಲ ನೋಡಿ, ಗುಡಿಸುವುದು ಬಿಟ್ಟು ಒಳಗೆ ಹೋದಳು.

"ಎಲ್ಲರೂ ನೋಡ್ತಾರೆ," ಎಂದಳು ಬಿಕ್ಕುತ್ತಾ.

"ನೋಡ್ಲಿ."

"ಬೇಗ ಮುಗಿಯಲ್ಲ ಇದು. ತುಂಬಾ ಇದೆ."

"ಅತ್ತುಬಿಡು ಕಾವ್ಯ," ಎಂದ ಅವನು ಅವಳ ತಲೆ ನೇವರಿಸುತ್ತಾ. "ನಂಗೆ ನಾಳೆ ಯಾವ ಬಸ್ಸೂ ಹಿಡಿಯೋಕಿಲ್ಲ."